ಲಾಂಛನಸ್ಪರ್ಧೆಯ ವಿಮರ್ಶೆ: ಮುಕ್ತ ತಂತ್ರಾಂಶ ಸಮುದಾಯಗಳ ಮೂರು ನಿದರ್ಶನಗಳು

೧

ಲಾಂಛನವೆಂಬ ಮಾತು ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ಬಾದಾಮಿಯ ಚಾಲುಕ್ಯರು ವರಾಹವನ್ನು ಲಾಂಛನವಾಗಿ ಧರಿಸಿದ್ದರೆಂಬುದು ಅವರ ಶಾಸನಗಳಿಂದಲೂ ಮುದ್ರೆಗಳಿಂದಲೂ ತಿಳಿದ ಸಂಗತಿ. ಆದರೆ ಆ ವರಾಹವನ್ನು ಆರಿಸಿದವರು ಯಾರು, ಅದರೊಡನೆ ನಿಂತು ಸೋತ ರೂಪಗಳು ಇದ್ದುವೆ, ಆಯ್ಕೆಗೆ ಮುನ್ನ ಯಾವ ವಾದವಿವಾದ ನಡೆಯಿತು ಎಂಬ ಪ್ರಶ್ನೆಗಳಿಗೆ ತಾಮ್ರಪಟವು ಉತ್ತರ ಕೊಡುವುದಿಲ್ಲ. ಗೆದ್ದುದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಗೆಲವಿನ ಕಥೆ ಮರೆಯಾಗುತ್ತದೆ.

ನಮ್ಮ ಕಾಲದ ಒಂದು ವರ್ಗದ ಲಾಂಛನಗಳ ವಿಷಯದಲ್ಲಿ ಮಾತ್ರ ಈ ಕೊರತೆ ಇಲ್ಲ. ಮುಕ್ತ ತಂತ್ರಾಂಶಗಳೆಂದು ಹೆಸರಾದ ಗಣಕಯಂತ್ರದ ಕ್ರಮವಿಧಿಗಳನ್ನು ಅನೇಕರು ದೂರದೂರದ ದೇಶಗಳಲ್ಲಿದ್ದು ಒಟ್ಟಾಗಿ ರಚಿಸುತ್ತಾರೆ. ಅವುಗಳ ಸೋರ್ಸ್ ಕೋಡನ್ನು, ಎಂದರೆ ಮೂಲಪಾಠವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಮತ್ತೆ ಹಂಚಬಹುದು. ಇಂಥ ಸಮುದಾಯಗಳು ತಮಗೊಂದು ಗುರುತು ಬೇಕೆನಿಸಿದಾಗ ಹಲವು ಸಲ ಸಾರ್ವಜನಿಕ ಸ್ಪರ್ಧೆಯನ್ನು ಏರ್ಪಡಿಸಿವೆ. ಚರ್ಚೆ ಬಹಿರಂಗವಾಗಿಯೇ ನಡೆಯುವುದರಿಂದ ಆಯ್ಕೆಯ ಕಾರಣಗಳೂ, ಕೆಲವೆಡೆ ಸೋತ ರೂಪಗಳೂ ಉಳಿದುಬಂದಿವೆ. ಆದ್ದರಿಂದ ಈ ವಿಷಯ ವಿಮರ್ಶೆಗೆ ಎಡೆಗೊಡುತ್ತದೆ.

ಸ್ಪರ್ಧೆಯೆಂಬ ವಿಧಾನವು ಮುಕ್ತ ತಂತ್ರಾಂಶದ ಸ್ವಭಾವಕ್ಕೆ ಒಗ್ಗುವುದೇ ಎಂಬುದು ಈ ಲೇಖನದ ಮುಖ್ಯ ಪ್ರಶ್ನೆ. ಮೇಲುನೋಟಕ್ಕೆ ಉತ್ತರ ಸುಲಭವಾಗಿ ತೋರುತ್ತದೆ. ಎಲ್ಲರಿಗೂ ಬಾಗಿಲು ತೆರೆದಿದೆ, ಎಲ್ಲರ ಅಭಿಪ್ರಾಯಕ್ಕೂ ಬೆಲೆಯಿದೆ. ಇದಕ್ಕಿಂತ ಹೆಚ್ಚಿನ ಸಾಮ್ಯ ಬೇಕೆ? ಆದರೆ ಸ್ವಲ್ಪ ಯೋಚಿಸಿದರೆ ಒಂದು ವಿರೋಧ ಕಾಣುತ್ತದೆ. ತಂತ್ರಾಂಶವು ಬೆಳೆಯುವುದು ತಿದ್ದುಪಡಿಯಿಂದ. ಒಬ್ಬನು ಬರೆದುದನ್ನು ಇನ್ನೊಬ್ಬನು ಸರಿಪಡಿಸುತ್ತಾನೆ, ಮೂರನೆಯವನು ವಿಸ್ತರಿಸುತ್ತಾನೆ. ಸ್ಪರ್ಧೆಯು ನಡೆಯುವುದಾದರೋ ನಿರಾಕರಣೆಯಿಂದ. ಪ್ರತಿಯೊಬ್ಬನೂ ಒಂಟಿಯಾಗಿ ಬರೆದ ಚಿತ್ರವನ್ನು ಮುಗಿದ ವಸ್ತುವೆಂದು ಒಪ್ಪಿಸುತ್ತಾನೆ; ಒಂದು ಉಳಿಯುತ್ತದೆ, ಮಿಕ್ಕವು ಬಿದ್ದುಹೋಗುತ್ತವೆ. ಈ ವಿರೋಧವನ್ನು ಗಮನದಲ್ಲಿಟ್ಟುಕೊಂಡು ಮೂರು ನಿದರ್ಶನಗಳನ್ನು ಪರಿಶೀಲಿಸೋಣ.

೨

ಮೊದಲನೆಯದು ಲಿನಕ್ಸಿನದು. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಪ್ರಕಟಪಡಿಸಿದ ಈ ತಂತ್ರಾಂಶಕ್ಕೆ ೧೯೯೬ರ ಹೊತ್ತಿಗೆ ದೊಡ್ಡ ಅನುಯಾಯಿ ವರ್ಗವಿದ್ದಿತು. ಗುರುತು ಮಾತ್ರ ಇರಲಿಲ್ಲ. ಆ ವರ್ಷ ನಡೆದ ಚರ್ಚೆಯಲ್ಲಿ ಪೆಂಗ್ವಿನ್ ಪಕ್ಷಿಯ ಮಾತು ಬಂದಿತು. ಟೋರ್ವಾಲ್ಡ್ಸರಿಗೆ ಆ ಪಕ್ಷಿಯಲ್ಲಿ ಒಲವಿತ್ತು. ಅವರು ಕೇಳಿದುದು ವೀರಭಂಗಿಯ ಪಕ್ಷಿಯನ್ನಲ್ಲ. ಹೊಟ್ಟೆ ತುಂಬ ಮೀನು ತಿಂದು ತೃಪ್ತಿಯಿಂದ ಕುಳಿತ ದುಂಡನೆಯ ಪೆಂಗ್ವಿನನ್ನು. ಆಲನ್ ಕಾಕ್ಸರ ಸೂಚನೆಯಿಂದ ಮೊದಲ್ಗೊಂಡು, ಟೋರ್ವಾಲ್ಡ್ಸರ ವಿವರಣೆಯಿಂದ ಖಚಿತಗೊಂಡು, ಟೆಕ್ಸಾಸಿನ ಲ್ಯಾರಿ ಯೂಯಿಂಗರ ಕೈಯಲ್ಲಿ ಆ ಕಲ್ಪನೆ ರೂಪ ತಳೆಯಿತು. ಯೂಯಿಂಗ್ ಅದನ್ನು ಬರೆದುದು ಗಿಂಪ್ ಎಂಬ, ತಾನೂ ಮುಕ್ತವಾದ, ಚಿತ್ರರಚನೆಯ ತಂತ್ರಾಂಶದಿಂದ. ‘ಟಕ್ಸ್’ ಎಂಬ ಹೆಸರನ್ನು ಸೂಚಿಸಿದವರು ಜೇಮ್ಸ್ ಹ್ಯೂಸ್.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಲಿನಕ್ಸಿನ ಲಾಂಛನಕ್ಕಾಗಿ ಮೂರು ಸ್ಪರ್ಧೆಗಳು ನಡೆದುವು. ಟಕ್ಸ್ ಒಂದರಲ್ಲಿಯೂ ಗೆಲ್ಲಲಿಲ್ಲ. ಅದರಿಂದಾಗಿಯೇ ಅದನ್ನು ಲಾಂಛನವೆನ್ನದೆ ಲಿನಕ್ಸಿನ ಸಂಕೇತಪ್ರಾಣಿ ಎಂದು ಕರೆಯುವ ರೂಢಿ ಬಂದಿದೆ. ಗೆದ್ದ ಚಿತ್ರಗಳನ್ನು ಇಂದು ನೆನೆಯುವವರು ವಿರಳ. ಸೋತ ಪೆಂಗ್ವಿನನ್ನು ಗಣಕಯಂತ್ರದ ಪರಿಚಯವಿರುವ ಬಹುಮಂದಿ ಬಲ್ಲರು.

ಇದರಿಂದ ಸ್ಪರ್ಧೆಗಳೆಲ್ಲ ವ್ಯರ್ಥವೆಂದು ತೀರ್ಮಾನಿಸುವುದು ಆತುರವಾದೀತು. ಟಕ್ಸ್ ಏಕೆ ಉಳಿಯಿತೆಂಬುದನ್ನು ಕೇಳಬೇಕು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಎರಡು ಕಾರಣಗಳಿವೆ. ಒಂದು, ಆ ಚಿತ್ರವು ಏಕಾಂತದಲ್ಲಿ ಹುಟ್ಟಿದುದಲ್ಲ. ಕಲ್ಪನೆ ಒಬ್ಬರದು, ವಿವರಣೆ ಇನ್ನೊಬ್ಬರದು, ರೇಖೆ ಮತ್ತೊಬ್ಬರದು, ಹೆಸರು ಮಗುದೊಬ್ಬರದು. ತಂತ್ರಾಂಶ ಬೆಳೆದ ರೀತಿಯಲ್ಲಿಯೇ ಲಾಂಛನವೂ ಬೆಳೆಯಿತು. ಎರಡು, ತಮ್ಮ ಹೆಸರನ್ನೂ ಗಿಂಪಿನ ಹೆಸರನ್ನೂ ಸ್ಮರಿಸಿದರೆ ಸಾಕು, ಯಾರು ಬೇಕಾದರೂ ಚಿತ್ರವನ್ನು ಬಳಸಬಹುದು, ಮಾರ್ಪಡಿಸಬಹುದು ಎಂದು ಯೂಯಿಂಗ್ ಅನುಮತಿಯಿತ್ತರು. ಆ ಅನುಮತಿಯ ಬಲದಿಂದ ಪೆಂಗ್ವಿನ್ ನೂರಾರು ವೇಷಗಳನ್ನು ತೊಟ್ಟಿದೆ. ಅಳಿವಿನ ಅಂಚಿನಲ್ಲಿದ್ದ ಟಾಸ್ಮೇನಿಯದ ಒಂದು ಪ್ರಾಣಿಯ ಕಡೆಗೆ ಜನರ ಗಮನ ಸೆಳೆಯುವುದಕ್ಕಾಗಿ ೧೯೦೦ರ ದಶಕಗಳು ಕಳೆದು ೨೦೦೯ರಲ್ಲಿ ಲಿನಕ್ಸಿನ ಒಂದು ಆವೃತ್ತಿಯಲ್ಲಿ ಪೆಂಗ್ವಿನ್ ತನ್ನ ಸ್ಥಾನವನ್ನು ತಾತ್ಕಾಲಿಕವಾಗಿ ಆ ಪ್ರಾಣಿಗೆ ಬಿಟ್ಟುಕೊಟ್ಟುದೂ ಉಂಟು.

೩

ಎರಡನೆಯ ನಿದರ್ಶನ ಫ್ರೀಬಿಎಸ್‌ಡಿಯದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ಬೆಳೆದ ಯೂನಿಕ್ಸ್ ಪರಂಪರೆಯಿಂದ ೧೯೯೩ರಲ್ಲಿ ಕವಲೊಡೆದ ವ್ಯವಸ್ಥೆ ಇದು. ಈ ಪರಂಪರೆಗೆ ಮೊದಲೇ ಒಂದು ಸಂಕೇತವಿದ್ದಿತು: ಕೈಯಲ್ಲಿ ತ್ರಿಶೂಲದಂಥ ಕವಲುಗೋಲು, ತಲೆಯ ಮೇಲೆ ಎರಡು ಕೊಂಬು, ಕಾಲಿಗೆ ಬೂಟು ಇರುವ ಕೆಂಪು ಮರಿಭೂತ. ಯಂತ್ರದಲ್ಲಿ ಹಿನ್ನೆಲೆಯಲ್ಲಿದ್ದು ಸದ್ದಿಲ್ಲದೆ ಕೆಲಸ ಮಾಡುವ ಕ್ರಮವಿಧಿಗಳಿಗೆ ‘ಡೀಮನ್’ ಎಂದು ಹೆಸರು. ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ಲನು ತನ್ನ ಒಂದು ತರ್ಕಕ್ಕಾಗಿ ಕಲ್ಪಿಸಿಕೊಂಡ, ಅಣುಗಳನ್ನು ಬೇರ್ಪಡಿಸುತ್ತ ಕೂರುವ ಭೂತವೇ ಈ ಹೆಸರಿಗೆ ಮೂಲ. ಗ್ರೀಕರಲ್ಲಿ ಆ ಶಬ್ದಕ್ಕೆ ಕೆಡುಕಿನ ಅರ್ಥವಿರಲಿಲ್ಲ. ಮುಂದೆ ಚಲಚ್ಚಿತ್ರ ನಿರ್ದೇಶಕರಾಗಿ ಪ್ರಸಿದ್ಧರಾದ ಜಾನ್ ಲ್ಯಾಸೆಟರ್ ೧೯೮೦ರ ದಶಕದಲ್ಲಿ ಬರೆದ ರೂಪ ಬಹಳ ಪ್ರಚಾರಕ್ಕೆ ಬಂದಿತು. ಚಿತ್ರದ ಸ್ವಾಮ್ಯವು ಮಾರ್ಷಲ್ ಕರ್ಕ್ ಮೆಕ್‌ಕ್ಯುಸಿಕ್ಕರದು.

ಶಬ್ದದ ಈ ಇತಿಹಾಸವನ್ನು ಅರಿಯದವರಿಗೆ ಕೊಂಬುಳ್ಳ ಆಕೃತಿ ಸೈತಾನನಾಗಿಯೇ ಕಾಣುವುದು ಸಹಜ. ಧಾರ್ಮಿಕ ದೃಷ್ಟಿಯಿಂದ ಕೆಲವರು ಆಕ್ಷೇಪಿಸಿದರು. ವ್ಯವಹಾರದ ಕಾಗದಪತ್ರಗಳಿಗೆ ಇದು ಒಪ್ಪದೆಂದು ಮತ್ತೆ ಕೆಲವರು ಹೇಳಿದರು. ಅಷ್ಟು ಸೂಕ್ಷ್ಮವಿವರಗಳ ಚಿತ್ರವನ್ನು ಚಿಕ್ಕದಾಗಿ ಅಚ್ಚುಹಾಕುವುದೂ ಕಷ್ಟ. ಹೀಗಾಗಿ ೨೦೦೫ರಲ್ಲಿ ಹೊಸ ಲಾಂಛನಕ್ಕಾಗಿ ಸ್ಪರ್ಧೆ ಏರ್ಪಟ್ಟಿತು. ಹಳೆಯ ಭಕ್ತರು ಕೆರಳಿದರು. ಭೂತವನ್ನು ಹೊರಗಟ್ಟುವ ಸಂಚು ಇದೆಂದು ಅವರಿಗೆ ತೋರಿತು. ಆ ವರ್ಷದ ಅಕ್ಟೋಬರಿನಲ್ಲಿ ಫಲಿತಾಂಶ ಹೊರಬಿದ್ದಿತು. ಆಂಟನ್ ಗುರಾಲರ ಆ ಕೃತಿ ಹೊಳೆಯುವ ಒಂದು ಕೆಂಪು ಗೋಳ. ಅದರ ನೆತ್ತಿಯ ಮೇಲೆ ಎರಡು ಕೊಂಬುಗಳು!

ಇದನ್ನು ಕಂಡು ನಗುವವರುಂಟು. ಕೊಂಬಿನ ಕಾಟ ತಪ್ಪಿಸಿಕೊಳ್ಳಹೊರಟವರು ಕೊಂಬನ್ನೇ ಉಳಿಸಿಕೊಂಡರಷ್ಟೆ ಎಂಬುದು ಅವರ ಮಾತು. ಆದರೆ ಇದರಲ್ಲಿ ಔಚಿತ್ಯವಿದೆಯೆಂದೇ ನಾನು ಭಾವಿಸುತ್ತೇನೆ. ಮುಖ, ಕೈಕಾಲು, ಬೂಟು, ಕವಲುಗೋಲು ಎಲ್ಲವೂ ಕಳಚಿಹೋಗಿ ನೆನಪಿಗೆ ಸಾಕಾಗುವಷ್ಟು ಮಾತ್ರ ಉಳಿಯಿತು. ಹಳಬನು ಅದರಲ್ಲಿ ಪೂರ್ವಪರಿಚಿತನನ್ನು ಗುರುತಿಸುತ್ತಾನೆ. ಹೊಸಬನಿಗೆ ಅದು ಬರಿಯ ಗೋಳ. ಹಳೆಯ ಭೂತವೂ ಸಂಕೇತಪ್ರಾಣಿಯಾಗಿ ತನ್ನ ಸ್ಥಾನವನ್ನು ಉಳಿಸಿಕೊಂಡಿತು. ಸಮುದಾಯದ ಸ್ಮೃತಿಯನ್ನು ಅಳಿಸುವ ಅಧಿಕಾರ ಸ್ಪರ್ಧೆಗಿಲ್ಲ. ಅದನ್ನು ಸಂಕ್ಷೇಪಿಸುವ ಕೆಲಸವನ್ನು ಸ್ಪರ್ಧೆ ಮಾಡಬಲ್ಲದು. ಆದರೆ ಏರ್ಪಡಿಸಿದವರು ‘ಇದು ಸ್ಥಾನಪಲ್ಲಟವಲ್ಲ, ಕಾರ್ಯವಿಭಾಗ’ ಎಂಬುದನ್ನು ಆರಂಭದಲ್ಲಿಯೇ ಎಲ್ಲರ ಮನಸ್ಸಿಗೂ ನಾಟುವಂತೆ ತಿಳಿಸಿದ್ದರೆ ಕಹಿಯು ಬಹುಮಟ್ಟಿಗೆ ಕಡಮೆಯಾಗುತ್ತಿದ್ದಿತು. ಸ್ಪರ್ಧೆಯ ಸೋಲುಗೆಲವು ಅರ್ಧಕ್ಕರ್ಧ ಪ್ರಶ್ನೆಯ ಒಕ್ಕಣೆಯಲ್ಲಿಯೇ ಅಡಗಿದೆ.

೪

ಮೂರನೆಯ ನಿದರ್ಶನ ಕನ್ನಡಿಗರಾದ ನಮಗೆ ನೇರವಾಗಿ ಸಂಬಂಧಿಸಿದುದು. ವಿಕಿಪೀಡಿಯ ವಿಶ್ವಕೋಶವು ೨೦೦೩ರಲ್ಲಿ ಲಾಂಛನಕ್ಕಾಗಿ ಸ್ಪರ್ಧೆ ನಡೆಸಿ ಮತ ತೆಗೆದುಕೊಂಡಿತು. ಪಾಲ್ ಸ್ಟಾನ್ಸಿಫರರ ಕೃತಿ ಗೆದ್ದಿತು: ಜೋಡಣೆಯ ತುಣುಕುಗಳಿಂದಾದ ಗೋಳ, ಅದರ ಮೇಲೆ ನಾನಾ ಭಾಷೆಗಳ ಬರಹ. ಆದರೆ ಗೆದ್ದ ರೂಪವನ್ನು ಇದ್ದಂತೆಯೇ ಸ್ವೀಕರಿಸಲಿಲ್ಲ. ಅದನ್ನು ತಿದ್ದಲು ಇತರರಿಗೆ ಅವಕಾಶ ಕೊಟ್ಟರು. ಡೇವಿಡ್ ಫ್ರೀಡ್ಲಂಡ್ ಬಣ್ಣಗಳನ್ನು ಕಳೆದು, ತುಣುಕಿಗೊಂದು ಲಿಪಿಯ ಅಕ್ಷರವನ್ನಿಟ್ಟು ಸಿದ್ಧಪಡಿಸಿದ ಬೂದುಬಣ್ಣದ ಗೋಳ ಬಳಕೆಗೆ ಬಂದಿತು. ಸ್ಪರ್ಧೆಯ ತೀರ್ಪನ್ನು ಕೊನೆಯ ಮಾತೆಂದು ಭಾವಿಸದೆ ಮೊದಲ ಕರಡೆಂದು ಭಾವಿಸಿದ ಈ ನಡೆ ಪ್ರಶಂಸೆಗೆ ಅರ್ಹವಾದುದು.

ಸೋತವುಗಳಲ್ಲಿ ಒಂದಕ್ಕೆ ಬೇರೆಡೆ ಆಶ್ರಯ ದೊರೆತುದನ್ನೂ ಇಲ್ಲಿ ಹೇಳಬೇಕು. ಫ್ಲಾರೆನ್ಸ್ ದೆವೂಆರ್ ಅವರು ತೆಗೆದ ಸೂರ್ಯಕಾಂತಿಯ ಛಾಯಾಚಿತ್ರದ ಇಕ್ಕೆಲಗಳಲ್ಲಿ ಎರಡೆರಡು ಚೌಕ ಆವರಣಗಳನ್ನಿಟ್ಟು ಎರಿಕ್ ಮೋಲರ್ ಒಂದು ರೂಪವನ್ನು ಕಳುಹಿಸಿದ್ದರು. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕಲು ಆ ವಿಶ್ವಕೋಶದಲ್ಲಿ ಬಳಸುವ ಚಿಹ್ನೆ ಆ ಆವರಣವೇ. ವಿಶ್ವಕೋಶಕ್ಕೆ ಒದಗದ ಈ ಹೂವು, ವಿಶ್ವಕೋಶವನ್ನು ನಡೆಸುವ ಮೀಡಿಯವಿಕಿ ಎಂಬ ಮುಕ್ತ ತಂತ್ರಾಂಶದ ಲಾಂಛನವಾಗಿ ೨೦೨೧ರವರೆಗೆ ಬಾಳಿತು. ಆ ವರ್ಷ, ಚಿಕ್ಕ ಗಾತ್ರದಲ್ಲಿಯೂ ಸ್ಪಷ್ಟವಾಗಿ ಕಾಣುವ ಸರಳರೂಪದ ಹೂವು ಅದರ ಸ್ಥಾನಕ್ಕೆ ಬಂದಿತು.

ಇನ್ನು ದೋಷದ ಮಾತು. ೨೦೦೩ರ ಗೋಳದ ಮೇಲಿನ ಅಕ್ಷರಗಳಲ್ಲಿ ತಪ್ಪುಗಳಿದ್ದುವು. ಜಪಾನೀ ಬರಹ ಸರಿಯಾಗಿರಲಿಲ್ಲ. ದೇವನಾಗರಿಯ ‘ವಿ’ಯಲ್ಲಿ ಇಕಾರದ ಚಿಹ್ನೆ ಸ್ಥಾನ ತಪ್ಪಿದ್ದಿತು. ೨೦೦೭ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಎತ್ತಿ ತೋರಿಸಿತು. ತಿದ್ದುಪಡಿಯಾದುದು ೨೦೧೦ರಲ್ಲಿ. ಅದೇ ಸಂದರ್ಭದಲ್ಲಿ, ಕಾಲ್ಪನಿಕ ಕಥೆಯೊಂದಕ್ಕಾಗಿ ಸೃಷ್ಟಿಸಿದ ಕ್ಲಿಂಗನ್ ಭಾಷೆಯ ಅಕ್ಷರವನ್ನು ತೆಗೆದು ಇಥಿಯೋಪಿಯದ ಗೀಜ್ ಲಿಪಿಯ ಅಕ್ಷರವನ್ನು ಇಟ್ಟರು. ಜ್ಞಾನವನ್ನೇ ಧ್ಯೇಯವಾಗಿ ಉಳ್ಳ ಸಂಸ್ಥೆಯ ಹಣೆಯ ಮೇಲೆ ಏಳು ವರ್ಷ ಕಾಗುಣಿತದ ತಪ್ಪು ಇದ್ದಿತು ಎಂಬುದು ಸಣ್ಣ ಮಾತಲ್ಲ.

ಶಾಸನ ಕೊರೆದವನ ಕೈತಪ್ಪುಗಳನ್ನು ನಾವು ನೋಡಿದ್ದೇವೆ. ಅವನ ಮುಂದೆ ಇದ್ದುದು ಒಂದೇ ಮೂಲಪ್ರತಿ, ತಿದ್ದುವವರು ಇರಲಿಲ್ಲ. ಇಲ್ಲಿ ಹಾಗಲ್ಲ. ಆ ಲಿಪಿಗಳನ್ನು ಬಲ್ಲವರು ಸಮುದಾಯದಲ್ಲಿ ಧಾರಾಳವಾಗಿದ್ದರು. ಆದರೂ ತಪ್ಪು ನುಸುಳಿತು. ಮತವು ರುಚಿಯನ್ನು ಅಳೆಯುತ್ತದೆ, ಶುದ್ಧಿಯನ್ನು ಅಳೆಯುವುದಿಲ್ಲ. ಸಾವಿರ ಮಂದಿ ಮೆಚ್ಚಿದ ಮಾತ್ರಕ್ಕೆ ತಪ್ಪಿದ ಅಕ್ಷರ ಸರಿಯಾಗಲಾರದು. ಇಂದು ಆ ಗೋಳದ ಮೇಲೆ ನಮ್ಮ ಕನ್ನಡದ ‘ವಿ’ ಅಕ್ಷರವೂ ಇದೆ. ಜಗತ್ತಿನ ಮೂಲೆಮೂಲೆಗಳಲ್ಲಿ, ಕನ್ನಡವೆಂಬ ಹೆಸರನ್ನೇ ಕೇಳದವರ ಕಣ್ಣಿಗೂ ಬೀಳುವ ಅಕ್ಷರ ಅದು. ಅದರ ರೂಪ ಶುದ್ಧವಾಗಿರಬೇಕೆಂಬ ಕಾಳಜಿಯನ್ನು ಮತದಾರರ ಸಂಖ್ಯೆಗೆ ಒಪ್ಪಿಸಿ ನಾವು ನಿಶ್ಚಿಂತರಾಗಿರುವುದು ಸಾಧ್ಯವೆ?

೫

ಸ್ಪರ್ಧೆಯ ವಿರುದ್ಧ ವೃತ್ತಿಪರ ಚಿತ್ರಕಾರರು ಹೇಳುವ ಮಾತೊಂದಿದೆ. ನೂರು ಜನ ದುಡಿಯುತ್ತಾರೆ, ಒಬ್ಬನಿಗೆ ಫಲ ದೊರೆಯುತ್ತದೆ. ತೊಂಬತ್ತೊಂಬತ್ತು ಜನರ ಶ್ರಮಕ್ಕೆ ಬೆಲೆಯಿಲ್ಲ. ಸಂಭಾವನೆ ನಿಶ್ಚಯವಿಲ್ಲದ ಇಂಥ ದುಡಿಮೆಯ ವಿಷಯದಲ್ಲಿ ಅಮೆರಿಕದ ವಿನ್ಯಾಸಕಾರರ ಸಂಘವಾದ ಎಐಜಿಎ ಬಹುಕಾಲದಿಂದ ಎಚ್ಚರಿಕೆ ನೀಡುತ್ತ ಬಂದಿದೆ. ಮುಕ್ತ ತಂತ್ರಾಂಶವನ್ನು ಬರೆಯುವವರೂ ಅನೇಕರು ವೇತನವಿಲ್ಲದೆ ದುಡಿಯುವವರೇ. ಆದ್ದರಿಂದ ಈ ಆಕ್ಷೇಪ ಇಲ್ಲಿ ಸಲ್ಲದು ಎಂಬ ಸಮಾಧಾನವುಂಟು. ಈ ಸಮಾಧಾನ ಪೂರ್ಣವಲ್ಲ. ತಂತ್ರಾಂಶಕ್ಕೆ ಹತ್ತು ಸಾಲು ಬರೆದವನ ಹತ್ತು ಸಾಲೂ ಒಪ್ಪಿಗೆಯಾದರೆ ಮೂಲಪಾಠದಲ್ಲಿ ನಿಲ್ಲುತ್ತವೆ. ಸ್ಪರ್ಧೆಯಲ್ಲಿ ಸೋತವನ ಚಿತ್ರ ಎಲ್ಲಿಯೂ ನಿಲ್ಲುವುದಿಲ್ಲ.

ಸ್ವಾಮ್ಯದ ಪ್ರಶ್ನೆಯೂ ಇಷ್ಟೇ ತೊಡಕಿನದು. ಲಾಂಛನವನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ ವಂಚಕನೂ ಅದನ್ನು ಧರಿಸಬಹುದು. ಬಿಗಿಹಿಡಿದರೆ ಮುಕ್ತತೆಯ ತತ್ತ್ವಕ್ಕೆ ಭಂಗ. ಡೆಬಿಯನ್ ಸಮುದಾಯವು ೧೯೯೯ರಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡಿತು. ಅದು ಎರಡು ಲಾಂಛನಗಳನ್ನು ಇರಿಸಿಕೊಂಡಿತು: ಎಲ್ಲರೂ ಬಳಸಬಹುದಾದ ಸುರುಳಿ ಒಂದು, ಸೀಸೆಯಿಂದ ಹೊಮ್ಮುವ ಅದೇ ಸುರುಳಿಯ ಚಿತ್ರ, ಸಂಸ್ಥೆಯ ಅಧಿಕೃತ ಕಾರ್ಯಗಳಿಗೆ ಮೀಸಲಾದುದು, ಇನ್ನೊಂದು. ವಿಕಿಪೀಡಿಯದ ಗೋಳವು ೨೦೧೪ರವರೆಗೆ ಮುಕ್ತ ಪರವಾನಗಿಯಿಂದ ಹೊರಗಿದ್ದಿತು. ಒಳಗಿನ ಲೇಖನಗಳೆಲ್ಲ ಮುಕ್ತ, ಮುಖಚಿಹ್ನೆ ಮಾತ್ರ ಬಂಧಿತ ಎಂಬ ವೈಚಿತ್ರ್ಯ ಅಷ್ಟು ಕಾಲ ನಡೆಯಿತು. ಈ ನಿಬಂಧನೆಗಳನ್ನು ಫಲಿತಾಂಶದ ಅನಂತರ ಯೋಚಿಸುವುದಲ್ಲ, ಆಹ್ವಾನದಲ್ಲಿಯೇ ಸ್ಪಷ್ಟಪಡಿಸಬೇಕು.

೬

ಮೇಲಿನ ಪರಿಶೀಲನೆಯಿಂದ ತಿಳಿದುಬರುವುದಿಷ್ಟು. ಲಾಂಛನಸ್ಪರ್ಧೆಯು ಕಲ್ಪನೆಗಳನ್ನು ಕೂಡಿಸಲು ಒಳ್ಳೆಯ ಉಪಾಯ. ಹೆಸರಿಲ್ಲದವನಿಗೂ ಅದು ಬಾಗಿಲು ತೆರೆಯುತ್ತದೆ. ಆದರೆ ಅಂತಿಮ ರೂಪವನ್ನು ನಿರ್ಣಯಿಸಲು ಅದೊಂದೇ ಸಾಲದು. ಆಯ್ಕೆಯಾದ ಕಲ್ಪನೆಯನ್ನು ಮತ್ತೆ ತಿದ್ದುಪಡಿಗೆ ಒಡ್ಡಬೇಕು. ಅಕ್ಷರ, ಅರ್ಥ, ಸಂಪ್ರದಾಯಗಳನ್ನು ಬಲ್ಲವರ ಪರೀಕ್ಷೆಯನ್ನು ಮತದಾನಕ್ಕೆ ಮುನ್ನವೇ ನಡೆಸಬೇಕು. ಹಳೆಯ ಗುರುತಿನ ಗತಿಯೇನೆಂಬುದನ್ನೂ, ಹೊಸತರ ಹಕ್ಕು ಯಾರದೆಂಬುದನ್ನೂ ಮೊದಲೇ ಹೇಳಬೇಕು.

ಇತಿಹಾಸದ ಅಧ್ಯಾಪಕನಾಗಿ ನಾನು ಸೇರಿಸಬಯಸುವುದು ಇನ್ನೊಂದು ಮಾತು. ಸೋತ ಚಿತ್ರಗಳನ್ನು, ಬರೆದವರ ಹೆಸರುಗಳೊಡನೆ, ಕಾಪಾಡಬೇಕು. ಮೋಲರರ ಸೂರ್ಯಕಾಂತಿಯೂ ಯೂಯಿಂಗರ ಪೆಂಗ್ವಿನ್ನೂ ಸೋತ ರಾಶಿಯಿಂದ ಎದ್ದುಬಂದವೇ ಅಲ್ಲವೆ? ಒಂದು ಸಮುದಾಯವು ತನ್ನನ್ನು ಹೇಗೆ ಕಂಡುಕೊಂಡಿತೆಂಬುದನ್ನು ಅದು ಆರಿಸಿದ ಗುರುತು ಹೇಳುತ್ತದೆ. ಹೇಗೆಲ್ಲ ಕಂಡುಕೊಳ್ಳಬಹುದಾಗಿತ್ತೆಂಬುದನ್ನು ಅದು ಬಿಟ್ಟ ಗುರುತುಗಳು ಹೇಳುತ್ತವೆ. ಚಾಲುಕ್ಯರ ವಿಷಯದಲ್ಲಿ ಈ ಎರಡನೆಯ ಸಾಕ್ಷ್ಯ ನಮಗೆ ದೊರೆಯಲಿಲ್ಲ. ನಮ್ಮ ಕಾಲದ ವಿಷಯದಲ್ಲಿ ಅದನ್ನು ಕೈಯಾರೆ ಕಳೆದುಕೊಂಡರೆ ಮುಂದಿನವರ ಮುಂದೆ ನಮಗೆ ಹೇಳಲು ನೆಪವಿರುವುದಿಲ್ಲ.