ಮಾಯೆಗೆ ದಂಡ, ಪ್ರಮಾದಕ್ಕೆ ತಿದ್ದುಪಡಿ

ಆಟವೆಂದರೆ ವಿನೋದ, ಅದರಲ್ಲಿ ಧರ್ಮಾಧರ್ಮಗಳ ವಿಚಾರವೇಕೆ ಎಂದು ಕೇಳುವವರುಂಟು. ಆದರೆ ಇಂದು ಜೈನ ಮನೆಗಳೂ ಸೇರಿದಂತೆ ಅಸಂಖ್ಯ ಮನೆಗಳಲ್ಲಿ ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ನೋಡುವ ಫುಟ್‌ಬಾಲ್ ಪಂದ್ಯವು ಕೇವಲ ವಿನೋದವಾಗಿ ಉಳಿದಿಲ್ಲ. ಯಾವ ಕೃತ್ಯಕ್ಕೆ ಯಾವ ಫಲ ದೊರೆಯುತ್ತದೆ ಎಂಬುದನ್ನು ಮಗುವು ಅಲ್ಲಿ ಕಣ್ಣಾರೆ ಕಾಣುತ್ತದೆ. ವಂಚಿಸಿದವನು ಗೆದ್ದು, ಸತ್ಯವಂತನು ಸೋತು, ನೋಡುವ ಹಿರಿಯರು ಚಪ್ಪಾಳೆ ತಟ್ಟಿದರೆ, ಆ ಪಾಠವನ್ನು ಅಳಿಸಲು ಬಸದಿಯ ಪಾಠಶಾಲೆಯ ವಾರದ ಒಂದು ಗಂಟೆ ಸಾಲದು. ಆದುದರಿಂದ ಈ ಆಟದ ನಿಯಮಗಳು ವಂಚನೆಯನ್ನೂ ತಪ್ಪು ತೀರ್ಪನ್ನೂ ಹೇಗೆ ನಡೆಸಿಕೊಳ್ಳುತ್ತಿವೆ ಎಂಬುದು ಶ್ರಾವಕರು ವಿಚಾರಿಸತಕ್ಕ ವಿಷಯವೇ ಆಗಿದೆ.

1986ರ ಜೂನ್ 22ರಂದು ಮೆಕ್ಸಿಕೋ ನಗರದಲ್ಲಿ ಅರ್ಜೆಂಟೀನಾ ಮತ್ತು ಇಂಗ್ಲೆಂಡ್ ತಂಡಗಳ ನಡುವೆ ನಡೆದ ವಿಶ್ವಕಪ್ ಪಂದ್ಯದಲ್ಲಿ ಡಿಯೆಗೊ ಮರಡೋನಾ ಕೈಯಿಂದ ಚೆಂಡನ್ನು ತಳ್ಳಿ ಗೋಲ್ ಗಳಿಸಿದರು. ರೆಫರಿಗೆ ಅದು ಕಾಣಲಿಲ್ಲ, ಗೋಲ್ ಉಳಿಯಿತು, ಅರ್ಜೆಂಟೀನಾ 2-1ರಿಂದ ಗೆದ್ದಿತು. ಈ ಒಂದೇ ಘಟನೆಯಲ್ಲಿ ಎರಡು ದೋಷಗಳಿವೆ. ಆಟಗಾರನದು ಮಾಯೆ, ರೆಫರಿಯದು ಪ್ರಮಾದ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಫುಟ್‌ಬಾಲಿನ ಬಹುಕಾಲದ ವಿಚಾರದೋಷವೆನ್ನಬೇಕು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾಯೆಯು ಬುದ್ಧಿಪೂರ್ವಕವಾಗಿ ನಡೆಯುವಂಥದು. ತತ್ತ್ವಾರ್ಥಸೂತ್ರವು ಅದನ್ನು ತಿರ್ಯಂಚ ಆಯುಷ್ಯದ ಆಸ್ರವಕ್ಕೆ ಕಾರಣವೆಂದು ಎಣಿಸಿದೆ. ರೆಫರಿಯಾದರೋ ಛದ್ಮಸ್ಥ, ಅಂದರೆ ಅಪೂರ್ಣಜ್ಞಾನಿ. ಆತನ ಕಣ್ಣಿಗೆ ಮಿತಿಯುಂಟು, ಆತನ ತಪ್ಪಿಗೆ ತಿದ್ದುಪಡಿ ಬೇಕು. ವಂಚಕನಿಗೆ ಬೇಕಾದದ್ದು ದಂಡ.

ಮೊದಲು ಮಾಯೆಯ ವಿಚಾರ. ಎದುರಾಳಿಯ ಕಾಲು ತಗುಲದಿದ್ದರೂ ತಗುಲಿತೆಂದು ನಟಿಸಿ ನೆಲಕ್ಕುರುಳುವುದನ್ನು ಆಟದ ಭಾಷೆಯಲ್ಲಿ ‘ಡೈವಿಂಗ್’ ಎನ್ನುತ್ತಾರೆ. ರೆಫರಿಯನ್ನು ವಂಚಿಸುವ ಇಂಥ ನಟನೆಗೆ ಹಳದಿ ಕಾರ್ಡು ತೋರಿಸಲೇಬೇಕೆಂದು 1999ರಲ್ಲಿ ನಿಯಮಗಳಲ್ಲಿ ಸ್ಪಷ್ಟಪಡಿಸಲಾಯಿತು. ವ್ಯಾಪಾರದ ದೃಷ್ಟಿಯಿಂದ ಈ ದಂಡವನ್ನು ಪರಿಶೀಲಿಸಿದರೆ ಅದರ ಅಲ್ಪತೆ ತಾನೇ ಗೋಚರಿಸುತ್ತದೆ. ನಟನೆ ಫಲಿಸಿದರೆ ದೊರೆಯುವುದು ಪೆನಾಲ್ಟಿ. ನಾಲ್ಕು ಪೆನಾಲ್ಟಿಗಳಲ್ಲಿ ಮೂರರಷ್ಟು ಗೋಲಾಗುವುದು ಸಾಮಾನ್ಯ. ಸಿಕ್ಕಿಬಿದ್ದರೆ ತೆರಬೇಕಾದದ್ದು ಒಂದು ಎಚ್ಚರಿಕೆ. ಆಟ ಮುಂದುವರಿಸಲು ಅಡ್ಡಿಯಿಲ್ಲ. ಲಾಭ ಇಷ್ಟು ದೊಡ್ಡದಾಗಿ ನಷ್ಟ ಇಷ್ಟು ಚಿಕ್ಕದಾಗಿರುವಲ್ಲಿ ಲೋಭವು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.

2002ರ ಜೂನ್ 3ರಂದು ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಬ್ರೆಜಿಲ್ ಮತ್ತು ಟರ್ಕಿ ಆಡಿದ ಪಂದ್ಯವನ್ನು ನೋಡಬಹುದು. ಟರ್ಕಿಯ ಹಕಾನ್ ಉನ್ಸಾಲ್ ಒದ್ದ ಚೆಂಡು ಬ್ರೆಜಿಲಿನ ರಿವಾಲ್ಡೊ ಅವರ ಕಾಲಿಗೆ ಬಡಿಯಿತು. ಅವರು ಮುಖವನ್ನು ಹಿಡಿದುಕೊಂಡು ಕೆಳಗುರುಳಿದರು. ಉನ್ಸಾಲ್ ಎರಡನೆಯ ಹಳದಿ ಕಾರ್ಡು ಪಡೆದು ಹೊರಹೋಗಬೇಕಾಯಿತು. ವಂಚನೆ ದೃಢಪಟ್ಟ ಮೇಲೆ ಫಿಫಾ ಸಂಸ್ಥೆಯು ರಿವಾಲ್ಡೊ ಅವರಿಗೆ ವಿಧಿಸಿದ್ದು 11,670 ಸ್ವಿಸ್ ಫ್ರಾಂಕ್‌ಗಳ ಜುಲ್ಮಾನೆ ಮಾತ್ರ. ಒಂದು ಪಂದ್ಯದ ನಿಷೇಧವೂ ಇಲ್ಲ. ಅಂಗಳದಿಂದ ಹೊರಹೋದವನು ವಂಚಿತನೇ ಹೊರತು ವಂಚಕನಲ್ಲ. ಕೋಟಿಗಳ ಲೆಕ್ಕದಲ್ಲಿ ಗಳಿಸುವ ಆಟಗಾರನಿಗೆ ಇಂಥ ಹಣದ ದಂಡವು ಸುಂಕದಂತೆ ತೋರುತ್ತದೆಯಲ್ಲದೆ ಪ್ರಾಯಶ್ಚಿತ್ತವಾಗುವುದಿಲ್ಲ.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ, ಅಂದರೆ ಕಳ್ಳತನಕ್ಕೆ ಪ್ರೇರಣೆ. ಎರಡನೆಯದು ತದಾಹೃತಾದಾನ, ಅಂದರೆ ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು. ಕಳ್ಳಮಾಲೆಂದು ತಿಳಿದೂ ಅಗ್ಗದ ಬೆಲೆಗೆ ಕೊಳ್ಳುವ ಅಂಗಡಿಕಾರನು ತಾನು ಕದ್ದಿಲ್ಲವೆಂದು ಹೇಳಿ ದೋಷಮುಕ್ತನಾಗಲಾರನು. ಹಾಗೆಯೇ ತನ್ನ ಆಟಗಾರನ ನಟನೆಯಿಂದ ಬಂದ ಪೆನಾಲ್ಟಿಯನ್ನು ತಿಳಿದೂ ಸ್ವೀಕರಿಸುವ ತಂಡವೂ, ನಟನೆಯನ್ನು ಜಾಣತನವೆಂದು ಕಲಿಸುವ ತರಬೇತುದಾರನೂ ದೋಷಕ್ಕೆ ಭಾಗಿಗಳೇ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಫುಟ್‌ಬಾಲಿನ ನಿಯಮವು ಮೊದಲನೆಯದನ್ನು ಮಾತ್ರ, ಅದನ್ನೂ ಹಗುರವಾಗಿ, ಮುಟ್ಟುತ್ತದೆ.

ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಹೆಜ್ಜೆಯನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 2017ರಲ್ಲಿ ಇಟ್ಟಿತು. ವಂಚನೆಯಿಂದ ಪೆನಾಲ್ಟಿ ದೊರೆತಿದ್ದರೆ, ಅಥವಾ ಎದುರಾಳಿಯು ಹೊರಹಾಕಲ್ಪಟ್ಟಿದ್ದರೆ, ಪಂದ್ಯ ಮುಗಿದ ಮೇಲೆ ದೃಶ್ಯಗಳನ್ನು ಪರೀಕ್ಷಿಸಿ ವಂಚಕನಿಗೆ ಎರಡು ಪಂದ್ಯಗಳ ನಿಷೇಧ ವಿಧಿಸುವ ನಿಯಮವದು. ಮಾಜಿ ರೆಫರಿ, ಮಾಜಿ ತರಬೇತುದಾರ, ಮಾಜಿ ಆಟಗಾರ ಎಂಬ ಮೂವರೂ ಒಮ್ಮತದಿಂದ ಹೇಳಿದರೆ ಮಾತ್ರ ಆರೋಪ. ಈ ಒಮ್ಮತದ ಷರತ್ತು ಅವಶ್ಯವಾದದ್ದು. ವೇಗದಿಂದ ಓಡುವವನು ಪೆಟ್ಟು ತಪ್ಪಿಸಿಕೊಳ್ಳಲು ಹಾರಿ ಬೀಳುವುದುಂಟು, ಅಲ್ಪಸ್ಪರ್ಶದಿಂದಲೂ ಸಮತೋಲ ತಪ್ಪುವುದುಂಟು. ಬಿದ್ದವರೆಲ್ಲರೂ ವಂಚಕರಲ್ಲ. 2009ರಲ್ಲಿ ಆರ್ಸೆನಲ್ ತಂಡದ ಎಡ್ವಾರ್ಡೊ ಅವರಿಗೆ ಯೂರೋಪಿನ ಫುಟ್‌ಬಾಲ್ ಒಕ್ಕೂಟವು ವಿಧಿಸಿದ್ದ ಎರಡು ಪಂದ್ಯಗಳ ನಿಷೇಧವು ಮೇಲ್ಮನವಿಯಲ್ಲಿ ರದ್ದಾಯಿತು. ಪರರ ಮನಸ್ಸಿನ ಅಭಿಪ್ರಾಯವನ್ನು ಒಂದೇ ಕೋನದಿಂದ ನೋಡಿ ನಿರ್ಣಯಿಸಬಾರದೆಂಬ ಅನೇಕಾಂತದ ಎಚ್ಚರಿಕೆಯು ಇಲ್ಲಿ ಸಲ್ಲುತ್ತದೆ. ಸಂದೇಹವಿದ್ದಲ್ಲಿ ದಂಡ ಕೂಡದು. ನಿಶ್ಚಯವಿದ್ದಲ್ಲಿ ದಂಡ ಹಗುರವಾಗಕೂಡದು.

ದಂಡವು ಕ್ರಮವಾಗಿ ಏರಬೇಕೆಂಬುದಕ್ಕೂ ನಮ್ಮ ಪರಂಪರೆಯಲ್ಲಿ ಆಧಾರವಿದೆ. ಆಲೋಚನೆ, ಪ್ರತಿಕ್ರಮಣಗಳಿಂದ ಮೊದಲಾಗಿ ಛೇದ, ಪರಿಹಾರ, ಉಪಸ್ಥಾಪನೆಗಳವರೆಗೆ ಪ್ರಾಯಶ್ಚಿತ್ತವು ಒಂಬತ್ತು ಬಗೆಯದು. ಛೇದವೆಂದರೆ ಗಳಿಸಿದ ದೀಕ್ಷಾಕಾಲದಲ್ಲಿ ಒಂದಂಶವನ್ನು ಕಡಿತಗೊಳಿಸುವುದು. ಅದೇ ನೀತಿಯಿಂದ, ಮೊದಲ ಬಾರಿ ಸಿಕ್ಕಿಬಿದ್ದ ಆಟಗಾರನಿಗೆ ನಿಷೇಧ, ಮರುಕಳಿಸಿದರೆ ದೀರ್ಘ ನಿಷೇಧ, ಒಂದೇ ತಂಡದಲ್ಲಿ ಋತುವಿನುದ್ದಕ್ಕೂ ಇದು ನಡೆಯುತ್ತಿದ್ದರೆ ಆ ತಂಡದ ಅಂಕಗಳಲ್ಲಿ ಕಡಿತ ಎಂಬ ಕ್ರಮವು ನ್ಯಾಯವೆನಿಸುತ್ತದೆ. ಅಂಕ ಕಳೆದುಕೊಳ್ಳುವ ಭಯವಿದ್ದರೆ ತರಬೇತುದಾರನೇ ನಟನೆಯನ್ನು ತಡೆಯುವನು.

ಇನ್ನು ಪ್ರಮಾದದ ವಿಚಾರ. ಬಹುಕಾಲ ಫುಟ್‌ಬಾಲ್ ಲೋಕವು ರೆಫರಿಯ ತಪ್ಪನ್ನು ತಿದ್ದುವುದೇ ಆಟಕ್ಕೆ ಅಪಮಾನವೆಂದು ಭಾವಿಸಿತ್ತು. 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒದ್ದ ಚೆಂಡು ಗೋಲಿನ ಗೆರೆಯನ್ನು ಸ್ಪಷ್ಟವಾಗಿ ದಾಟಿದ್ದರೂ ಗೋಲ್ ದೊರೆಯಲಿಲ್ಲ. ಆ ಬಳಿಕ 2012ರಲ್ಲಿ ಗೆರೆ ಗುರುತಿಸುವ ಯಂತ್ರಕ್ಕೂ, 2018ರಲ್ಲಿ ವಿಡಿಯೊ ಸಹಾಯಕ ರೆಫರಿಯ ವ್ಯವಸ್ಥೆಗೂ ಒಪ್ಪಿಗೆ ಸಿಕ್ಕಿತು. ಗೋಲ್, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಶಿಕ್ಷೆ ಎಂಬ ನಾಲ್ಕು ಸಂದರ್ಭಗಳಲ್ಲಿ, ತಪ್ಪು ನಿಸ್ಸಂದೇಹವಾಗಿದ್ದರೆ ಮಾತ್ರ ಪುನರ್ವಿಮರ್ಶೆ ಎಂಬುದು ಆಗಿನ ಕಟ್ಟಳೆ. ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲಿ ಕೋಸ್ಟರಿಕಾದ ವಿರುದ್ಧ ಬ್ರೆಜಿಲಿನ ನೇಮರ್ ಬಿದ್ದಾಗ ಕೊಟ್ಟಿದ್ದ ಪೆನಾಲ್ಟಿಯನ್ನು ರೆಫರಿಯು ದೃಶ್ಯ ನೋಡಿ ಹಿಂತೆಗೆದುಕೊಂಡರು. ತಪ್ಪು ತಿದ್ದಲ್ಪಟ್ಟಿತು. ಆದರೆ ಆ ಬೀಳುವಿಕೆಗೆ ಹಳದಿ ಕಾರ್ಡು ಬರಲಿಲ್ಲ. ಅದು ನಟನೆಯಾಗಿತ್ತೆ, ಅಲ್ಲವೆ ಎಂಬ ಪ್ರಶ್ನೆಗೆ ತೀರ್ಪೇ ಇಲ್ಲದೆ ಆಟ ಮುಂದುವರಿಯಿತು. ಪ್ರಮಾದವನ್ನು ತಿದ್ದುವ ಯಂತ್ರ ಬಂದರೂ ಮಾಯೆಯನ್ನು ವಿಚಾರಿಸುವ ಸಂಕಲ್ಪ ಬಂದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಯಂತ್ರವೂ ಪ್ರಮಾದಕ್ಕೆ ಅತೀತವಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್ ತಂಡದ ಲೂಯಿಸ್ ಡಿಯಾಸ್ ಗಳಿಸಿದ ಗೋಲನ್ನು ಆಫ್‌ಸೈಡ್ ಎಂದು ಅಂಗಳದಲ್ಲಿ ತಳ್ಳಿಹಾಕಲಾಯಿತು. ವಿಡಿಯೊ ನೋಡುತ್ತಿದ್ದ ಅಧಿಕಾರಿಯು ಅಂಗಳದಲ್ಲಿ ಗೋಲ್ ಕೊಡಲಾಗಿದೆಯೆಂದೇ ತಪ್ಪಾಗಿ ಗ್ರಹಿಸಿ, ತೀರ್ಪು ಸರಿಯಿದೆ ಎಂದು ಹೇಳಿಬಿಟ್ಟರು. ತಪ್ಪು ಕೆಲವೇ ಕ್ಷಣಗಳಲ್ಲಿ ತಿಳಿಯಿತು. ಆದರೆ ಅಷ್ಟರಲ್ಲಿ ಆಟ ಪುನಃ ಆರಂಭವಾಗಿತ್ತು. ಒಮ್ಮೆ ಆರಂಭವಾದರೆ ಹಿಂದಿರುಗುವಂತಿಲ್ಲ ಎಂಬ ನಿಯಮದಿಂದ ಎಲ್ಲರೂ ತಿಳಿದ ತಪ್ಪು ಹಾಗೆಯೇ ಉಳಿಯಿತು. ಟಾಟೆನ್‌ಹ್ಯಾಮ್ 2-1ರಿಂದ ಗೆದ್ದಿತು. ಅನಂತರ ರೆಫರಿಗಳ ಸಂಸ್ಥೆಯು ತಪ್ಪೊಪ್ಪಿಕೊಂಡು, ಅಂದಿನ ಸಂಭಾಷಣೆಯ ಧ್ವನಿಮುದ್ರಣವನ್ನೂ ಪ್ರಕಟಿಸಿತು. ಈ ಪ್ರಕಟಣೆಯು ಆಲೋಚನೆಯ ಸ್ವರೂಪದ್ದು, ಶ್ಲಾಘ್ಯವಾದದ್ದು. ಆದರೆ ನಿಯಮದ ಕುರುಡುತನವನ್ನು ಅದು ಮುಚ್ಚಲಾರದು.

ಲೆಕ್ಕ ಬರೆಯುವವರಿಗೆ ಈ ಸಮಸ್ಯೆ ಹೊಸದಲ್ಲ. ದಿನವಹಿ ಇನ್ನೂ ತೆರೆದಿರುವಾಗ ಕಂಡ ತಪ್ಪನ್ನು ಅಲ್ಲಿಯೇ ತಿದ್ದುವುದು ವಾಡಿಕೆ. ವರ್ಷದ ಲೆಕ್ಕ ಮುಗಿದು ಸಹಿಯಾದ ಮೇಲೆ ಕಂಡ ತಪ್ಪಿಗೆ ಹಳೆಯ ಪುಟವನ್ನು ಹರಿಯುವುದಿಲ್ಲ; ಮುಂದಿನ ವರ್ಷದ ಪುಸ್ತಕದಲ್ಲಿ ತಿದ್ದುಪಡಿಯ ನಮೂದು ಹಾಕಿ ನ್ಯಾಯ ಸಲ್ಲಿಸುತ್ತಾರೆ. ಫುಟ್‌ಬಾಲಿಗೂ ಇದೇ ಕ್ರಮ ಒಪ್ಪುತ್ತದೆ. ಕ್ಷಣಗಳೊಳಗೆ, ಬೇರೆ ಗೋಲಾಗಲಿ ದಂಡವಾಗಲಿ ನಡೆಯುವ ಮುನ್ನ, ಖಚಿತವಾದ ತಪ್ಪು ತಿಳಿದರೆ ಆಟ ನಿಲ್ಲಿಸಿ ತಿದ್ದುವ ಅಧಿಕಾರ ರೆಫರಿಗಿರಬೇಕು. ಅಂತಿಮ ಸೀಟಿಯ ಬಳಿಕ ಗೋಲುಗಳ ಸಂಖ್ಯೆಯನ್ನು ಮುಟ್ಟಬಾರದು. ಇಲ್ಲವಾದರೆ ಯಾವ ಪಂದ್ಯವೂ ಮುಗಿಯುವುದಿಲ್ಲ. ಆದರೆ ತಪ್ಪಾಗಿ ಹೊರಹೋದವನ ಮುಂದಿನ ನಿಷೇಧವನ್ನು ತೆಗೆಯುವುದು, ವಂಚಿಸಿದವನಿಗೆ ನಿಷೇಧ ಹಾಕುವುದು, ತಪ್ಪು ನಡೆದ ಬಗೆಯನ್ನು ಬಹಿರಂಗಪಡಿಸುವುದು ಎಂಬ ಮೂರು ತಿದ್ದುಪಡಿಗಳಿಗೆ ಅಂತಿಮ ಸೀಟಿ ಅಡ್ಡಿಯಾಗಬೇಕಿಲ್ಲ.

ತಿದ್ದುಪಡಿಗೆ ದಾರಿಯಿಲ್ಲದಲ್ಲಿ ಕ್ರೋಧ ತಲೆಯೆತ್ತುವುದನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣವೇ ಕಂಡಿದೆ. 2023ರ ಮಾರ್ಚ್ 3ರಂದು ಬೆಂಗಳೂರು ತಂಡದ ಸುನಿಲ್ ಛೇತ್ರಿ, ಎದುರಾಳಿಗಳು ಸಿದ್ಧರಾಗುವ ಮುನ್ನವೇ ಫ್ರೀ ಕಿಕ್ ಒದ್ದು ಗೋಲ್ ಗಳಿಸಿದರು. ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ತಂಡವು ಪಂದ್ಯವನ್ನು ಅರ್ಧದಲ್ಲೇ ತ್ಯಜಿಸಿ ಹೊರನಡೆಯಿತು. ಆ ಗೋಲಿನ ಸರಿತಪ್ಪುಗಳ ಬಗ್ಗೆ ಎರಡು ಮಾತುಗಳಿರಬಹುದು. ಆದರೆ ಅಂಗಳ ಬಿಟ್ಟುಹೋದದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ನಾಲ್ಕು ಕೋಟಿ ರೂಪಾಯಿ ದಂಡವನ್ನೂ, ತರಬೇತುದಾರನಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಕ್ರೋಧಕ್ಕೆ ಇಷ್ಟು ಕಠಿಣವಾದ ದಂಡವಿರುವ ಆಟದಲ್ಲಿ ಮಾಯೆಗೆ ಒಂದು ಹಳದಿ ಕಾರ್ಡು ಸಾಕೆಂಬುದು ಯಾವ ನ್ಯಾಯ?

ನಿಯಮವು ಎಷ್ಟೇ ಪರಿಷ್ಕಾರಗೊಂಡರೂ ಒಂದು ಸ್ಥಾನವು ಆಟಗಾರನ ಆತ್ಮಸಾಕ್ಷಿಗೇ ಉಳಿಯುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಇಟ್ಟ ಠೇವಣಿಯ ಲೆಕ್ಕ ಮರೆತು ಕಡಿಮೆ ಕೇಳಿದವನಿಗೆ, ಹೌದು, ಅಷ್ಟೇ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದದು. ರೆಫರಿಯ ತಪ್ಪಿನಿಂದ ತನಗೆ ಬಂದ ಗೋಲನ್ನು ತಿಳಿದೂ ಮೌನವಾಗಿ ಇಟ್ಟುಕೊಳ್ಳುವ ಆಟಗಾರನು ಮಾಡುವುದು ಇದನ್ನೇ. 2009ರ ನವೆಂಬರ್ 18ರಂದು ಫ್ರಾನ್ಸಿನ ಥಿಯೆರಿ ಆನ್ರಿ ಕೈಯಿಂದ ಚೆಂಡನ್ನು ತಡೆದು ಕೊಟ್ಟ ಅವಕಾಶದಿಂದ ಬಂದ ಗೋಲು ಐರ್ಲೆಂಡ್ ತಂಡವನ್ನು ವಿಶ್ವಕಪ್‌ನಿಂದ ಹೊರಗಿಟ್ಟಿತು. ಆಟ ಮುಗಿದ ಮೇಲೆ ಅವರು ತಪ್ಪೊಪ್ಪಿಕೊಂಡರು, ಮರುಪಂದ್ಯವೇ ನ್ಯಾಯವೆಂದರು, ಫಿಫಾ ಒಪ್ಪಲಿಲ್ಲ. ಇದಕ್ಕೆ ಪ್ರತಿಯಾಗಿ 2012ರ ಸೆಪ್ಟೆಂಬರಿನಲ್ಲಿ ಲಾಜಿಯೊ ತಂಡದ ಮಿರೊಸ್ಲಾವ್ ಕ್ಲೋಸೆ, ನಾಪೋಲಿಯ ವಿರುದ್ಧದ ಪಂದ್ಯದಲ್ಲಿ ಗೋಲ್ ದೊರೆತ ಕೂಡಲೇ, ಚೆಂಡು ತನ್ನ ಕೈಗೆ ತಗುಲಿತೆಂದು ರೆಫರಿಗೆ ತಾವಾಗಿ ತಿಳಿಸಿದರು. ಗೋಲ್ ರದ್ದಾಯಿತು, ಅವರ ತಂಡ 3-0ರಿಂದ ಸೋತಿತು. ಠೇವಣಿ ಮಾತ್ರ ಪೂರ್ಣವಾಗಿ ಮರಳಿತು. 1999ರ ಫೆಬ್ರವರಿಯಲ್ಲಿ ಆರ್ಸೆನಲ್ ತಂಡದ ವ್ಯವಸ್ಥಾಪಕ ಆರ್ಸೆನ್ ವೆಂಗರ್, ಶೆಫೀಲ್ಡ್ ಯುನೈಟೆಡ್ ವಿರುದ್ಧ ತಮ್ಮವರು ಗಳಿಸಿದ ಗೋಲು ಕ್ರೀಡಾಮರ್ಯಾದೆಗೆ ಸಲ್ಲದೆಂದು, ಗೆದ್ದ ಪಂದ್ಯವನ್ನೇ ಮತ್ತೆ ಆಡಲು ಮುಂದಾದರು. ಮರುಪಂದ್ಯ ನಡೆಯಿತು, ಆರ್ಸೆನಲ್ ಮತ್ತೊಮ್ಮೆ 2-1ರಿಂದ ಗೆದ್ದಿತು. ಲಾಭ ಪಡೆದವನೇ ಬಿಟ್ಟುಕೊಡಲು ಸಿದ್ಧನಾದರೆ ನಿಯಮವೂ ದಾರಿ ಕೊಡುತ್ತದೆಂಬುದಕ್ಕೆ ಇದು ಸಾಕ್ಷಿ.

ಜೈನ ಟ್ರಸ್ಟುಗಳು ನಡೆಸುವ ಶಾಲೆ, ವಿದ್ಯಾರ್ಥಿನಿಲಯಗಳ ಆಟದ ಮೈದಾನಗಳಲ್ಲಿ ವಿಡಿಯೊ ಯಂತ್ರವಿಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿ ಮಾಡಬಹುದಾದದ್ದು ಬೇರೆ. ತಾನಾಗಿ ತಪ್ಪೊಪ್ಪಿಕೊಂಡ ಹುಡುಗನಿಗೆ ಆ ಪಂದ್ಯದಲ್ಲಿ ಯಾವ ಶಿಕ್ಷೆಯೂ ಬೇಡ. ಗೆದ್ದ ತಂಡದ ಕಪ್ಪಿನಷ್ಟೇ ಗೌರವದ ಬಹುಮಾನವೊಂದು ಅಂಥವನಿಗಾಗಿ ಮೀಸಲಿರಲಿ. ವಂಚಿಸಿ ಸಿಕ್ಕಿಬಿದ್ದವನು ಮುಂದಿನ ಪಂದ್ಯದಲ್ಲಿ ಹೊರಗೆ ಕುಳಿತುಕೊಳ್ಳಲಿ, ಅವನು ಎಷ್ಟೇ ಶ್ರೇಷ್ಠ ಆಟಗಾರನಾಗಿರಲಿ. ಮಕ್ಕಳಿಗೆ ಸೀಟಿ ಊದುವ ಅಧ್ಯಾಪಕರೂ ತಮ್ಮ ತಪ್ಪು ತಿಳಿದಾಗ ಎಲ್ಲರೆದುರು ಅದನ್ನು ಹೇಳಿ ತಿದ್ದಿಕೊಳ್ಳಲಿ. ಹಾಗೆ ಮಾಡಿದರೆ ಅವರ ಗೌರವಕ್ಕೆ ಕುಂದು ಬರುವುದಿಲ್ಲ.

ಮನೆಯಲ್ಲಿ ಪಂದ್ಯ ನೋಡುವ ಹಿರಿಯರ ಹೊಣೆಯೂ ಇಷ್ಟೇ ದೊಡ್ಡದು. ತಮ್ಮ ಮೆಚ್ಚಿನ ತಂಡದವನು ನಟಿಸಿ ಪೆನಾಲ್ಟಿ ಪಡೆದಾಗ ಅವರು ನಕ್ಕು ತಲೆದೂಗಿದರೆ ಅದು ಅನುಮೋದನೆಯಾಗುತ್ತದೆ. ಪಕ್ಕದಲ್ಲಿ ಕುಳಿತ ಮಗುವು ಆಗ ನೋಡುವುದು ಪರದೆಯನ್ನಲ್ಲ, ಹಿರಿಯರ ಮುಖವನ್ನು. ಇದು ತಪ್ಪು, ನಮ್ಮವರು ಮಾಡಿದರೂ ತಪ್ಪೇ ಎಂದು ಆ ಕ್ಷಣದಲ್ಲಿ ಅವರಾಡುವ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಫುಟ್‌ಬಾಲಿನ ಆಡಳಿತಗಾರರು ತಮ್ಮ ನಿಯಮವನ್ನು ಎಂದು ತಿದ್ದುವರೋ ತಿದ್ದಲಿ. ಆ ಮಾತನ್ನಾಡಲು ಯಾವ ಮಂಡಳಿಯ ಒಪ್ಪಿಗೆಯೂ ಬೇಕಾಗಿಲ್ಲ.