ಕಾಯಲು ಕಲಿತ ಗುದ್ದು

ಜಾರ್ಜ್ ಫೋರ್‌ಮನ್ 45ನೇ ವಯಸ್ಸಿನಲ್ಲಿ ಮತ್ತೆ ವಿಶ್ವ ಹೆವಿವೇಟ್ ಚಾಂಪಿಯನ್ ಆದದ್ದನ್ನು ಪವಾಡ ಎನ್ನುವುದು ರೂಢಿ. 2025ರ ಮಾರ್ಚ್ 21ರಂದು ಅವರು ತೀರಿಕೊಂಡ ಮೇಲೆ ಆ ಪಂದ್ಯವನ್ನು ಮತ್ತೆ ನೋಡಿದೆ. ಪವಾಡವೆಂಬ ಹೊಗಳಿಕೆ ಅವರ ಕಸುಬನ್ನೇ ಮುಚ್ಚಿಬಿಡುತ್ತದೆ ಅನ್ನಿಸಿತು.

ಆ ಕಸುಬಿನ ಮೊದಲ ಪಾಠ 1974ರ ಕಿನ್ಶಾಸಾದ್ದು. ಹಿಂದಿನ ವರ್ಷವಷ್ಟೇ ಜೋ ಫ್ರೇಜಿಯರ್ ಅವರನ್ನು ಎರಡು ಸುತ್ತಿನೊಳಗೆ ಆರು ಸಲ ನೆಲಕ್ಕೆ ಕೆಡವಿ ಪಟ್ಟ ಗೆದ್ದಿದ್ದ ಫೋರ್‌ಮನ್‌ಗೆ ಕಾಯುವ ಅಗತ್ಯವೇ ಬಿದ್ದಿರಲಿಲ್ಲ. ಅಲ್ಲಿನ ಪಂದ್ಯದಲ್ಲಿ ಎದುರಾಳಿ ಮುಹಮ್ಮದ್ ಅಲಿ ಹಗ್ಗಕ್ಕೊರಗಿ ಮೈಯೊಡ್ಡಿದರು. ಇವರು ಬೀಸಿ ಬೀಸಿ ದಣಿದು ಎಂಟನೇ ಸುತ್ತಿನಲ್ಲಿ ಉರುಳಿದರು. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತ ಮೇಲೆ ಗ್ಲೌಸ್ ಕಳಚಿಟ್ಟು ಹ್ಯೂಸ್ಟನ್‌ನಲ್ಲಿ ಪಾದ್ರಿಯಾದರು. ಹತ್ತು ವರ್ಷ ಕಳೆದು ರಿಂಗಿಗೆ ಮರಳಿದ್ದು ತಮ್ಮ ಯುವಕೇಂದ್ರಕ್ಕೆ ಹಣ ಹೊಂದಿಸಲು.

ಮರಳಿದವರಿಗೆ ಹೊಟ್ಟೆ ಬಂದಿತ್ತು, ಹೆಜ್ಜೆ ಭಾರವಾಗಿತ್ತು. ಆದರೆ ತೋಳುಗಳನ್ನು ಮುಖದ ಮುಂದೆ ಅಡ್ಡಡ್ಡ ಹಿಡಿದು ಹೊಡೆತ ತಡೆಯುವುದು, ಎಡಗೈ ಜ್ಯಾಬ್‌ನಿಂದಲೇ ಎದುರಾಳಿಯನ್ನು ಅಳೆಯುವುದು, ಉಸಿರನ್ನು ಜಿಪುಣನಂತೆ ಖರ್ಚು ಮಾಡುವುದು ಈಗ ಬಂದಿತ್ತು. ಸುತ್ತುಗಳ ನಡುವೆ ಅವರು ಸ್ಟೂಲಿನ ಮೇಲೆ ಕೂರುತ್ತಲೂ ಇರಲಿಲ್ಲ. ಶುರುವಿನ ಎದುರಾಳಿಗಳು ತೀರಾ ಸಾಧಾರಣರು ಎಂಬ ಆಕ್ಷೇಪ ಸುಳ್ಳಲ್ಲ. 1991ರಲ್ಲಿ ಹೋಲಿಫೀಲ್ಡ್, 1993ರಲ್ಲಿ ಮಾರಿಸನ್ ಎದುರು ಫೋರ್‌ಮನ್ ಅಂಕಗಳ ಮೇಲೆ ಸೋತರು ಕೂಡ.

1994ರ ನವೆಂಬರ್ 5, ಲಾಸ್ ವೇಗಸ್. ಎದುರಿಗೆ ಒಂದೂ ಪಂದ್ಯ ಸೋಲದ 26ರ ಎಡಗೈ ಬಾಕ್ಸರ್ ಮೈಕಲ್ ಮೂರರ್. ಫೋರ್‌ಮನ್ ತೊಟ್ಟದ್ದು ಕಿನ್ಶಾಸಾದ ಅದೇ ಕೆಂಪು ಚಡ್ಡಿ. ಅಂದು ಅಲಿಯ ಮೂಲೆಯಲ್ಲಿದ್ದ ಗುರು ಆಂಜೆಲೊ ಡಂಡೀ ಇಂದು ಇವರ ಮೂಲೆಯಲ್ಲಿ. ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದಿದ್ದರು. ಅಷ್ಟೂ ಹೊತ್ತು ಅವರು ಹೊಡೆತ ತಿನ್ನುತ್ತಲೇ ಮೂರರ್ ತಮ್ಮ ಬಲಗೈಗೆಟಕುವ ಜಾಗದಲ್ಲಿ ನಿಲ್ಲುವಂತೆ ನೋಡಿಕೊಂಡರು. ಹತ್ತನೇ ಸುತ್ತಿನಲ್ಲಿ ಗೇಣು ದೂರದಿಂದ ಬಂದ ಬಲಗೈ ಗುದ್ದು ನೇರ ಗದ್ದಕ್ಕೆ ಬಿತ್ತು. ಕಿನ್ಶಾಸಾದ ಬೀಸುಗೈ ಅದರಲ್ಲಿ ಎಳ್ಳಷ್ಟೂ ಇಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಿತ್ತು. 1995ರಲ್ಲಿ ಆಕ್ಸೆಲ್ ಷುಲ್ಜ್ ಎದುರು ಸಿಕ್ಕ ಗೆಲುವನ್ನು ಹಲವರು ಒಪ್ಪಲಿಲ್ಲ. 1997ರ ಕೊನೆಯ ಪಂದ್ಯದಲ್ಲಿ ಶಾನನ್ ಬ್ರಿಗ್ಸ್ ಎದುರಿನ ಸೋಲನ್ನೂ ಹಲವರು ಒಪ್ಪಲಿಲ್ಲ. ತೀರ್ಪುಗಾರರ ಖಾತೆ ಅಲ್ಲಿಗೆ ಚುಕ್ತಾ. ಮೂರರ್ ಎದುರಿನ ಆ ಹತ್ತನೇ ಸುತ್ತಿಗೆ ಮಾತ್ರ ತೀರ್ಪುಗಾರರೇ ಬೇಕಾಗಲಿಲ್ಲ.