ಅರ್ಲ್ ವೀವರ್ ಅವರ ಚೀಟಿಗಳು
ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದ ಅರ್ಲ್ ವೀವರ್, ಅಮೆರಿಕದ ಬೇಸ್‌ಬಾಲ್ ಕಂಡ ಮಹಾ ಚಾಣಾಕ್ಷ ಮ್ಯಾನೇಜರ್‌ಗಳಲ್ಲೊಬ್ಬರು. ಮೈನರ್ ಲೀಗ್‌ಗಳಲ್ಲೇ ಸವೆದ ಈ ಸೆಕೆಂಡ್ ಬೇಸ್‌ಮನ್ 1968ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಚುಕ್ಕಾಣಿ ಹಿಡಿದು, 1970ರಲ್ಲಿ ವರ್ಲ್ಡ್ ಸೀರೀಸ್ ಗೆಲ್ಲಿಸಿದರು.

ಡಗ್‌ಔಟ್‌ಗೆ ಕಂಪ್ಯೂಟರ್ ಬರುವ ಎಷ್ಟೋ ಮೊದಲೇ, ಯಾವ ಬ್ಯಾಟರ್ ಯಾವ ಪಿಚರ್ ಎದುರು ಹೇಗೆ ಆಡಿದ್ದಾನೆಂಬ ಲೆಕ್ಕ ಅವರ ರಟ್ಟಿನ ಚೀಟಿಗಳಲ್ಲಿತ್ತು. ಯಾರು ಆಡಬೇಕು, ಯಾರು ಕೂರಬೇಕು ಎಂಬುದಕ್ಕೆ ಅವನ್ನೇ ನೋಡುತ್ತಿದ್ದರು. ಚೆಂಡನ್ನು ಮೆಲ್ಲಗೆ ತಟ್ಟುವ ಬಂಟ್ ಮಾಡಿಸಿ ಒಂದು ಔಟ್ ದಾನ ಕೊಡುವುದು ಅವರಿಗೆ ಆಗಿಬರುತ್ತಿರಲಿಲ್ಲ. ಮೂರು ರನ್ ತರುವ ಹೋಮ್ ರನ್‌ಗೆ ಕಾಯುತ್ತಿದ್ದರು.

ಸಿಟ್ಟಂತೂ ಮೂಗಿನ ತುದಿಯಲ್ಲೇ! ಟೋಪಿಯ ಅಂಚು ಅಡ್ಡಬರದಂತೆ ಹಿಂದಕ್ಕೆ ತಿರುಗಿಸಿ ಅಂಪೈರ್ ಮುಖದೆದುರೇ ಕೂಗಾಡುತ್ತಿದ್ದರು. 90ಕ್ಕೂ ಹೆಚ್ಚು ಸಲ ಪಂದ್ಯದಿಂದ ಹೊರಹಾಕಿಸಿಕೊಂಡರು. ಜನರಿಗೆ ಆ ರಂಪಾಟವೇ ನೆನಪು. ನನಗೆ ಚೀಟಿಗಳೇ ಹೆಚ್ಚು. ಗೆದ್ದದ್ದು 1480 ಪಂದ್ಯ; ಹಾಲ್ ಆಫ್ ಫೇಮ್ ಸೇರಿದ್ದು 1996ರಲ್ಲಿ.